ನನ್ನದೂ ಒಂದು ಸ್ಟೈಲು

"ಸರ್, ನಿಮ್ಮ ಪ್ಲೇಯಿಂಗ್ ಸ್ಟೈಲ್ ಯಾವುದು?" ಬ್ಯಾಟು ಕೊಳ್ಳಲು ಹೋದ ನನ್ನನ್ನು ಅಂಗಡಿ ಹುಡುಗ ಕೇಳಿದ. ನನಗೂ ಒಂದು ಸ್ಟೈಲ್ ಇರಬಹುದು ಎಂಬ ಅನುಮಾನ ಈ ನಲವತ್ತಾರು ವರ್ಷದಲ್ಲಿ ಯಾರಿಗೂ ಬಂದಿರಲಿಲ್ಲ. ಆ ಖುಷಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು "ಅಟ್ಯಾಕಿಂಗ್" ಅಂದುಬಿಟ್ಟೆ.

"ರೀ, ನಿನ್ನೆ ಸೊಪ್ಪಿನವಳು ಕೊಳೆತ ಕಟ್ಟು ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಿ ಬಂದಿರಲ್ಲ, ಅದೂ ಅಟ್ಯಾಕಿಂಗೇನಾ?" ಪಕ್ಕದಲ್ಲಿದ್ದ ಹೆಂಡತಿಯ ಪ್ರಶ್ನೆ.

ಇದಕ್ಕೆಲ್ಲ ಮೂಲ ನಮ್ಮಕ್ಕನ ಮಗ. "ಮಾವ, ಬೆಂಗಳೂರೆಲ್ಲ ಪ್ಯಾಡೆಲ್ ಆಡ್ತಿದೆ, ನೀವಿನ್ನೂ ಕೇರಂ ಬೋರ್ಡಿಗೆ ಪೌಡರ್ ಹಾಕ್ತಾ ಕೂತಿದೀರ" ಎಂದು ಕೆಣಕಿದ್ದ. ಪ್ಯಾಡೆಲ್ ಅಂದರೆ ಗಾಜಿನ ಗೋಡೆಗಳ ನಡುವೆ ಆಡುವ, ಟೆನಿಸ್ಸಿನಂಥ ಆಟ. ಮೆಕ್ಸಿಕೋದ ಅಕಾಪುಲ್ಕೋದಲ್ಲಿ 1969ರಲ್ಲಿ ಎನ್ರಿಕೆ ಕೊರ್ಕುಯೆರಾ ಎಂಬವರು ತಮ್ಮ ಮನೆಯ ಜಾಗದಲ್ಲೇ ಗೋಡೆ ಕಟ್ಟಿಸಿ ಶುರುಮಾಡಿದ ಆಟವಂತೆ. ಮನೆಯ ಜಾಗ! ಕೋರ್ಟೇ 20 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಥರ್ಟಿ-ಫಾರ್ಟಿ ಸೈಟು ಎರಡು ಜೋಡಿಸಿದರೂ ಆಟ ಪಕ್ಕದವರ ಕಾಂಪೌಂಡಿನೊಳಗೆ ಹೋಗುತ್ತದೆ.

ಬ್ಯಾಟಿಗೆ ತಂತಿ ಇಲ್ಲ. ಬೂಂದಿ ಜಾಲರಿಯ ಹಾಗೆ ತೂತುಗಳು. ಒಳಗೆ ಚಪ್ಪಲಿ ಅಟ್ಟೆಗೂ ಬಳಸುವ ಇವಿಎ ಫೋಮು. ಹುಡುಗ ಮೂರು ಬಗೆ ತೆಗೆದಿಟ್ಟ. ದುಂಡಗಿನದು ಕಂಟ್ರೋಲಿಗೆ, ಹೊಸಬರಿಗೆ ಒಳ್ಳೆಯದು, ಚೆಂಡು ಸ್ವಲ್ಪ ಆಚೀಚೆ ತಗುಲಿದರೂ ಸುಧಾರಿಸಿಕೊಳ್ಳುತ್ತದೆ. ಹನಿಯಾಕಾರದ್ದು ನಡುವಿನದು. ಡೈಮಂಡ್ ಆಕಾರದ್ದು ತಲೆಭಾರ, ಸ್ಮ್ಯಾಷ್ ಹೊಡೆಯುವವರಿಗೆ. ಮೇಲೆ ಗಟ್ಟಿ ಕಾರ್ಬನ್, ತೂಕ 375 ಗ್ರಾಂ. ನಾನು ಕಾಲೇಜಿನಲ್ಲಿ ಬೀಸುತ್ತಿದ್ದಂಥ ಷಟಲ್ ಬ್ಯಾಟು ನಾಲ್ಕು ಒಟ್ಟಿಗೆ ಹಿಡಿದಂತೆ. "ಸರ್, ಮೊದಲು ರೌಂಡ್ ತಗೊಳ್ಳಿ" ಅಂದ. ಅಟ್ಯಾಕಿಂಗ್ ಅಂದ ಮೇಲೆ ದುಂಡಗಿನದನ್ನು ಹೇಗೆ ತಗೊಳ್ಳೋದು? ಡೈಮಂಡೇ ಪ್ಯಾಕ್ ಮಾಡಿಸಿದೆ. ಹೆಂಡತಿ ಬಿಲ್ಲಿನಲ್ಲಿ 800 ರೂಪಾಯಿ ಇಳಿಸಿ, ಎರಡು ಗ್ರಿಪ್ ಪುಕ್ಕಟೆ ಹಾಕಿಸಿಕೊಂಡಳು. ನಾನು ಆ ಹೊತ್ತಿಗೆ ಮರ್ಯಾದೆಗೆ ಅಂಜಿ ಹೊರಗೆ ನಿಂತು ಬೋರ್ಡು ಓದುತ್ತಿದ್ದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಮೊದಲ ಸ್ಮ್ಯಾಷ್. ಚೆಂಡು ನೆಲ ಮುಟ್ಟದೆ ಸೀದಾ ಎದುರಿನ ಗಾಜಿಗೆ. ನೆಲಕ್ಕೆ ಬಿದ್ದು ಗಾಜಿಗೆ ತಗುಲಿದರೆ ಆಟ ಮುಂದುವರಿಯುತ್ತದೆ, ನೇರ ತಗುಲಿದರೆ ಪಾಯಿಂಟ್ ಅವರದು. ಎರಡನೆಯದು ಬ್ಯಾಟಿನ ಕುತ್ತಿಗೆಗೆ ತಾಗಿ ನನ್ನದೇ ಹಣೆಗೆ ಬಂತು. ಮೂರನೆಯದಕ್ಕೆ ಬ್ಯಾಟೇ ಹೋಯಿತು. ಹಿಡಿಯ ತುದಿಯಲ್ಲೊಂದು ದಾರ ಇರುತ್ತದೆ, ಮನೆಯಲ್ಲಿ ಮೊಳೆಗೆ ನೇತುಹಾಕಲು ಅಂದುಕೊಂಡಿದ್ದೆ. ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಲೇಬೇಕೆಂಬುದು ಆಟದ ನಿಯಮವೆಂದು ಅಳಿಯ ನೆಟ್ಟಿನ ಬುಡದಲ್ಲಿ ಬೋರಲು ಮಲಗಿಕೊಂಡೇ ವಿವರಿಸಿದ.

ಎರಡು ವಾರಕ್ಕೆ ಮೊಣಕೈ ಹಿಡಿದುಕೊಂಡಿತು. ಕಾಫಿ ಲೋಟ ಎತ್ತಿದರೆ ತುಟಿಯವರೆಗೆ ಬರುತ್ತಿರಲಿಲ್ಲ, ನಾನೇ ಬಗ್ಗಿ ಲೋಟದ ಹತ್ತಿರ ಹೋಗಬೇಕಾಗಿತ್ತು.

"ಟೆನಿಸ್ ಎಲ್ಬೋ" ಅಂದರು ಡಾಕ್ಟರು.

"ನಾನು ಟೆನಿಸ್ ಆಡಲ್ಲ ಡಾಕ್ಟ್ರೇ, ಪ್ಯಾಡೆಲ್."

"ಮೊಣಕೈಗೆ ಅದೆಲ್ಲ ಗೊತ್ತಾಗಲ್ಲ. ಭಾರದ ಬ್ಯಾಟು ಬಿಡಿ."

ನೋವು ಇಳಿದ ಮೇಲೆ ಅಳಿಯನ ಹಳೇ ದುಂಡು ಬ್ಯಾಟು ನನ್ನ ಪಾಲಿಗೆ ಬಂತು. ಫೈಬರ್‌ಗ್ಲಾಸು, ಹಗುರ, ಗುಲಾಬಿ ಬಣ್ಣ. ಡೈಮಂಡು ದಂಡವಾಗಬಾರದೆಂದು ಹೆಂಡತಿ ಎತ್ತಿಕೊಂಡಳು. ದಿನಾ ಗ್ರೈಂಡರಿನ ಕಲ್ಲು ಎತ್ತಿಳಿಸುವ ಕೈ. ಮೊದಲ ದಿನವೇ ನಾಲ್ಕು ಸ್ಮ್ಯಾಷಿಗೆ ಅಳಿಯನೂ ಅವನ ಗೆಳೆಯನೂ ಒಬ್ಬರ ಹಿಂದೊಬ್ಬರು ಅಡಗಿದರು. ನಾನು ಹಿಂದೆ ನಿಂತು, ಗಾಜಿಗೆ ಬಡಿದು ಬಂದದ್ದನ್ನೆಲ್ಲ ಮೆತ್ತಗೆ ಆಕಡೆ ಕಳಿಸುತ್ತಿದ್ದೆ.

ಕಳೆದ ವಾರ ಅವಳ ಒಂದು ಹೊಡೆತ ಎದುರಿನ ಗಾಜಿನ ಬುಡಕ್ಕೆ ಬಿತ್ತು. "ಅತ್ತೆ, ನೇರ ಗಾಜಿಗೆ" ಅಂದ ಅಳಿಯ. ನಾನು ಸಾರಿ ಕೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವಳು ನೆಟ್ಟಿನ ಹತ್ತಿರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಮೊದಲು ನೆಲಕ್ಕೇ ಬಿದ್ದಿದ್ದು. ಬೇಕಿದ್ರೆ ಗುರುತು ತೋರಿಸ್ತೀನಿ ಬಾ." ಐದು ನಿಮಿಷ ಎಳೆದಾಟವಾಗಿ, ಕೊನೆಗೆ ಆ ಪಾಯಿಂಟನ್ನು ಮತ್ತೆ ಆಡುವುದೆಂದು ಇತ್ಯರ್ಥವಾಯಿತು.

ನಾನು ಹಿಂದಿನಿಂದಲೇ ಇಬ್ಬರಿಗೂ ಥ್ಯಾಂಕ್ಸ್ ಹೇಳಿದೆ.