ಗೋಡೆರಾಯನೂ ನಮ್ಮನೆಯವರ ಭುಜವೂ

ರಾತ್ರಿ ಎಂಟೂವರೆಗೆ ನಮ್ಮ ಮನೆಗೆ ಒಬ್ಬ ಹುಡುಗ ಬರುತ್ತಾನೆ. ಬಂದವನೇ ಒಬ್ಬಳನ್ನು ಗೋಡೆಗೆ ಒರಗಿಸಿ, ಅವಳ ಕಿವಿಯ ಪಕ್ಕ ಧಡ್ ಅಂತ ಕೈ ಊರುತ್ತಾನೆ. ಹಲ್ಲು ಕಚ್ಚಿಕೊಂಡು "ನೀನು ನನ್ನವಳು, ನನ್ನವಳು ಮಾತ್ರ" ಅನ್ನುತ್ತಾನೆ. ಅವಳ ಕಣ್ಣಲ್ಲಿ ನೀರು ತುಂಬುತ್ತದೆ, ಆದರೆ ಕೆಳಗೆ ಬೀಳುವುದಿಲ್ಲ. ಕ್ಯಾಮೆರಾ ಅವನ ಮುಖಕ್ಕೆ ಮೂರು ಸಲ ನುಗ್ಗಿ ಬರುತ್ತದೆ. ಪಿಟೀಲು ಕಿರುಚುತ್ತದೆ. ಆಮೇಲೆ ಸೋಪಿನ ಜಾಹೀರಾತು. ಆಗ ನಾನು ಉಸಿರು ಬಿಡುತ್ತೇನೆ.

ಈ ಸೋಪಿಗೂ ಆ ಅಳುವಿಗೂ ಹಳೇ ನಂಟು. 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ಹಗಲು ಹೊತ್ತು ಬರುತ್ತಿದ್ದ ಧಾರಾವಾಹಿಗಳಿಗೆ ದುಡ್ಡು ಹಾಕುತ್ತಿದ್ದವರು ಸೋಪು ಮಾಡುವ ಕಂಪನಿಯವರು. ಅದಕ್ಕೇ ಸೋಪ್ ಒಪೆರಾ ಅಂತ ಹೆಸರು ಬಿತ್ತು. ಅವತ್ತಿನಿಂದ ನಾವು ಅಳುತ್ತಲೇ ಇದ್ದೇವೆ, ಅವರು ತೊಳೆಯುತ್ತಲೇ ಇದ್ದಾರೆ.

ಸೀರಿಯಲ್ಲಿನಲ್ಲಿ ಆ ಹುಡುಗನಿಗೆ ಉದ್ದನೆಯ ಹೆಸರಿದೆ. ನಮ್ಮ ಮನೆಯಲ್ಲಿ ಅವನು ಗೋಡೆರಾಯ. ಹೆಸರಿಟ್ಟವಳು ಮಗಳು. ಅವಳು ಮನಃಶಾಸ್ತ್ರ ಓದುತ್ತಿದ್ದಾಳೆ. ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ಸುಮ್ನೆ ಸಿಟ್ಟಾಗುವ ಹಾಗಿಲ್ಲ, ಸುಮ್ನೆ ಬೇಜಾರಾಗುವ ಹಾಗಿಲ್ಲ. ಎಲ್ಲದಕ್ಕೂ ಒಂದು ಹೆಸರು ಹಿಡಿದುಕೊಂಡು ಬರುತ್ತಾಳೆ. ಗೋಡೆಗೆ ಕೈ ಊರುವುದಕ್ಕೂ ಜಪಾನಿನಲ್ಲಿ ಒಂದು ಹೆಸರಿದೆಯಂತೆ: ಕಾಬೆ-ಡೋನ್. ಕಾಬೆ ಅಂದರೆ ಗೋಡೆ, ಡೋನ್ ಅಂದರೆ ಕೈ ಬಡಿದ ಸದ್ದು. ಅಲ್ಲಿನ ಹುಡುಗಿಯರು ಓದುವ ಕಾಮಿಕ್ಸ್‌ನಲ್ಲಿ ಇದು ಮಾಮೂಲಂತೆ. ಅತ್ತೆ ಯೋಚನೆ ಮಾಡಿ ಕೇಳಿದರು: "ಅಲ್ಲಿ ಬಾಗಿಲುಗಳನ್ನೆಲ್ಲ ಕಾಗದದಲ್ಲಿ ಮಾಡ್ತಾರಲ್ವಾ? ಕೈ ಆ ಕಡೆ ಹೋಗಲ್ವಾ?"

ಮಗಳ ಹತ್ತಿರ ಉತ್ತರ ಇರಲಿಲ್ಲ. ಅಪರೂಪಕ್ಕೆ.

ಗೋಡೆರಾಯ ಮಾಡಿದ್ದು ಒಂದೆರಡಲ್ಲ. ಫೋನಿನಲ್ಲಿ ಗಂಡಸಿನ ದನಿ ಕೇಳಿಸಿತು ಅಂತ ಅವಳ ಫೋನನ್ನು ಗೋಡೆಗೆ ಎಸೆದ. (ಅಲ್ಲೂ ಗೋಡೆಯೇ.) ಅವಳಿಗೆ ಬಂದ ಕೆಲಸದ ಪತ್ರವನ್ನು ಬಚ್ಚಿಟ್ಟ. ಅವಳು ಬಸ್ಸಿನಲ್ಲಿ ಹೋದರೆ ಹಿಂದೆ ಕಾರಿನಲ್ಲಿ ಹೋಗುತ್ತಾನೆ. ಹಾಗಂತ ಪ್ರೀತಿ ಕಡಿಮೆಯಾ ಅಂದರೆ, ಇಲ್ಲವೇ ಇಲ್ಲ. ಅವಳಿಗೆ ಜ್ವರ ಬಂದಾಗ ಮೂರು ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತೇ ಇದ್ದ. ಅವಳ ಮೇಲೆ ಬರುತ್ತಿದ್ದ ಚಾಕುವಿಗೆ ತಾನು ಅಡ್ಡ ಬಂದ. ಎರಡು ಸಲ ರಕ್ತ ಕೊಟ್ಟಿದ್ದಾನೆ. ಕಿಡ್ನಿ ಇನ್ನೂ ಬಾಕಿ ಇದೆ. ರೇಟಿಂಗ್ ಇಳಿದ ವಾರ ಅದನ್ನೂ ಕೊಡುತ್ತಾನೆ ಅಂತ ನನ್ನ ಲೆಕ್ಕ.

ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಅವನು ಮಾಡುವ ಒಂದೊಂದು ತಪ್ಪಿಗೂ ಅದರಲ್ಲಿ ಕೆಂಪು ಶಾಯಿಯಲ್ಲಿ ಒಂದು ಪುಟ್ಟ ಬಾವುಟ ಬರೆಯುತ್ತಾಳೆ. ರೆಡ್ ಫ್ಲ್ಯಾಗ್ ಅಂತೆ. ಈ ಕೆಲಸಕ್ಕೋಸ್ಕರ ಒಂದು ದಿನವೂ ತಪ್ಪಿಸದೆ, ಎಂಟು ಇಪ್ಪತ್ತೈದಕ್ಕೇ ಬಂದು ಸೋಫಾದ ಒಳ್ಳೆ ಮೂಲೆ ಹಿಡಿದು ಕೂರುತ್ತಾಳೆ. ನಾನು ಅವನನ್ನು ಇಷ್ಟಪಟ್ಟು ನೋಡುವವಳು, ಮಧ್ಯೆ ಎರಡು ದಿನ ಬಿಟ್ಟರೂ ನಡೆಯುತ್ತದೆ. ಬೈಯೋಕೆ ಅಂತ ನೋಡುವವರಿಗೆ ಆ ಸೌಲಭ್ಯ ಇಲ್ಲ.

ಒಂದು ದಿನ ಅದೇ ಕೆಲಸದ ಪತ್ರದ ವಿಷಯ ಬಂತು. ಅವಳು ಮನೆಯೆಲ್ಲ ಹುಡುಕುತ್ತಾಳೆ. ಇವನು ಬಾಗಿಲಿಗೆ ಒರಗಿಕೊಂಡು, "ನೀನೇ ಎಲ್ಲೋ ಇಟ್ಟು ಮರೆತಿದ್ದೀಯ, ಈಚೆಗೆ ನಿನಗೆ ಮರೆವು ಜಾಸ್ತಿ" ಅನ್ನುತ್ತಾನೆ. ಮಗಳು ಎದ್ದು ನಿಂತು ಕೂಗಿದಳು: "ಗ್ಯಾಸ್‌ಲೈಟಿಂಗ್!"

ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ, "ನಾನು ಆಗಲೇ ಆಫ್ ಮಾಡಿ ಬಂದೆ ಪುಟ್ಟೀ" ಅಂದರು.

ಆಮೇಲೆ ಪಾಠ ಶುರುವಾಯಿತು. 1938ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಅನ್ನುವ ಇಂಗ್ಲಿಷ್ ಲೇಖಕ ಒಂದು ನಾಟಕ ಬರೆದನಂತೆ. ಅದರಲ್ಲಿ ಗಂಡ ಕದ್ದು ಮಹಡಿಗೆ ಹೋಗಿ ಗ್ಯಾಸ್ ದೀಪ ಹಚ್ಚುತ್ತಾನೆ. ಕೆಳಗೆ ಹೆಂಡತಿಯ ಕೋಣೆಯ ದೀಪ ಮಂಕಾಗುತ್ತದೆ. ಜೊತೆಗೆ ಮನೆಯ ಸಾಮಾನುಗಳನ್ನು ತಾನೇ ಬಚ್ಚಿಟ್ಟು, ಅವಳೇ ಕಳೆದಳು ಅನ್ನುತ್ತಾನೆ. ಕೊನೆಗೆ ಅವಳಿಗೆ ತನ್ನ ತಲೆಯ ಮೇಲೇ ಅನುಮಾನ ಬರುವ ಹಾಗೆ ಮಾಡುತ್ತಾನೆ. ಆ ನಾಟಕದ ಹೆಸರೇ ಇವತ್ತು ಈ ರೋಗದ ಹೆಸರು.

ನನಗೆ ಮೈ ಸ್ವಲ್ಪ ಬಿಸಿಯಾಯಿತು. ಯಾಕೆಂದರೆ ಅವತ್ತು ಬೆಳಗ್ಗೆ ನಮ್ಮನೆಯವರು ಕನ್ನಡಕ ಹುಡುಕುತ್ತಿದ್ದರು. "ನೀವೇ ಎಲ್ಲೋ ಇಟ್ಟು ಮರೆತಿದ್ದೀರ, ಈಚೆಗೆ ನಿಮಗೆ ಮರೆವು ಜಾಸ್ತಿ" ಅಂತ ನಾನೇ ಹೇಳಿದ್ದೆ. ಹೇಳುವಾಗ ನಾನು ಅದೇ ಕನ್ನಡಕದ ಮೇಲೆ ಕೂತಿದ್ದೆ. ಕೂತಿದ್ದೇನೆ ಅಂತ ನನಗೆ ಗೊತ್ತಾಗಿಯೂ ಇತ್ತು. ಏಳಲಿಕ್ಕೆ ಧೈರ್ಯ ಸಾಲಲಿಲ್ಲ, ಅಷ್ಟೇ. ಅವರು ಹೋದ ಮೇಲೆ ಒಂದು ಕಡ್ಡಿಗೆ ಸೆಲ್ಲೋ ಟೇಪ್ ಸುತ್ತಿ ಬಾತ್‌ರೂಮಿನ ಕಿಟಕಿಯ ಮೇಲಿಟ್ಟೆ. ಸಂಜೆ ಸಿಕ್ಕಿತು. "ಹೌದಲ್ಲ, ಇಲ್ಲೇ ಇಟ್ಟಿದ್ದೆ" ಅಂದರು ಪಾಪ. ನನ್ನ ಹೆಸರಿಗೆ ಬಾವುಟ ಬರೆಯುವವರು ಯಾರೂ ಇಲ್ಲ ಅನ್ನುವುದೊಂದೇ ಸಮಾಧಾನ.

ಇಷ್ಟೆಲ್ಲ ಆದ ಮೇಲೂ ಆ ಹುಡುಗಿ ಯಾಕೆ ಅವನನ್ನು ಬಿಡುವುದಿಲ್ಲ? ಇದಕ್ಕೆ ಮಗಳು ಪಾರಿವಾಳದ ಕಥೆ ಹೇಳಿದಳು. ಸ್ಕಿನ್ನರ್ ಅಂತ ಒಬ್ಬ ವಿಜ್ಞಾನಿ ಪೆಟ್ಟಿಗೆಯೊಳಗೆ ಪಾರಿವಾಳ ಬಿಟ್ಟು ನೋಡಿದನಂತೆ. ಕುಟುಕಿದಾಗಲೆಲ್ಲ ಕಾಳು ಬೀಳುತ್ತಿದ್ದು ಆಮೇಲೆ ನಿಂತುಹೋದರೆ, ಪಾರಿವಾಳ ಬೇಗ ಸುಮ್ಮನಾಗುತ್ತದೆ. ಯಾವಾಗ ಬೀಳುತ್ತದೋ ಗೊತ್ತಿಲ್ಲ ಅನ್ನುವ ಹಾಗೆ ಒಮ್ಮೊಮ್ಮೆ ಬೀಳುತ್ತಿದ್ದರೆ, ನಿಂತ ಮೇಲೂ ಬಹಳ ಹೊತ್ತು ಕುಟುಕುತ್ತಲೇ ಇರುತ್ತದೆ. ಗೋಡೆರಾಯ ಕೂಡ ಹಾಗೇ. ವಾರವೆಲ್ಲ ಕೂಗಾಡಿ, ಯಾವುದೋ ಒಂದು ದಿನ ಅವಳ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತಾನೆ. ಅವಳು ಕರಗುತ್ತಾಳೆ. "ಅವಳೇ ಪಾರಿವಾಳ ಅಮ್ಮ" ಅಂದಳು. ಇರಬಹುದು. ಆದರೆ ಮುಳ್ಳು ತೆಗೆಯುವ ದಿನಕ್ಕಾಗಿ ವಾರಗಟ್ಟಲೆ ಕಾದು ಕೂತವರು ನಾನು, ಅತ್ತೆ, ಮತ್ತು ನೋಟ್‌ಬುಕ್ ಹಿಡಿದ ನೀನು ಅಲ್ವಾ ಅಂದೆ. ಬಾಗಿಲು ಹಾಕಿಕೊಂಡು ಓದಲು ಹೋದಳು.

ಪಾರಿವಾಳಕ್ಕಿಂತ ಸುಲಭದ ಕಾರಣ ನನಗೆ ಬೇರೆ ಕಾಣಿಸುತ್ತದೆ. ಇವನು ಅವಳ ಮೇಲೆ ಕೂಗಾಡಿ, ಬಾಗಿಲು ಬಡಿದುಕೊಂಡು ಹೊರಗೆ ಹೋಗುತ್ತಾನೆ. ಅವಳು ಒಳಗೆ ಅಳುತ್ತಾಳೆ. ಕ್ಯಾಮೆರಾ ಮಾತ್ರ ಅವಳ ಹತ್ತಿರ ಉಳಿಯುವುದಿಲ್ಲ, ಅವನ ಹಿಂದೆ ಬರುತ್ತದೆ. ಬಾಗಿಲಿನ ಈಚೆ ಅವನು ಕುಸಿದು ಕೂತು, ಅವಳ ಬಳೆಯ ಒಂದು ಚೂರನ್ನು ಎದೆಗೆ ಒತ್ತಿಕೊಂಡು ಅಳುತ್ತಾನೆ. ಅದು ಗ್ಲಿಸರಿನ್ ಅಂತ ನನಗೂ ಗೊತ್ತು. ಆದರೂ ಕ್ಷಮಿಸಿಬಿಡುತ್ತೇನೆ. ಅವಳಿಗೆ ಸಿಕ್ಕಿದ್ದು ಬಾಗಿಲು ಬಡಿದ ಸದ್ದು. ಬಳೆ ಚೂರು ನೋಡಿದವಳು ನಾನು. ಅವಳ ಜಾಗದಲ್ಲಿ ನನ್ನನ್ನು ಕೂರಿಸಿ, ಕ್ಯಾಮೆರಾ ಕಿತ್ತುಕೊಂಡರೆ, ನಾನು ಎರಡನೇ ಎಪಿಸೋಡಿಗೇ ಬಟ್ಟೆ ತುಂಬಿಕೊಂಡು ಹೊರಡುತ್ತೇನೆ.

ಒಂದು ಸಲ ಮಾತ್ರ ನನ್ನ ಬಾಯಿ ಕಟ್ಟಿತು. ಅಮೆರಿಕದ 'ಜನರಲ್ ಹಾಸ್ಪಿಟಲ್' ಅನ್ನುವ ಸೀರಿಯಲ್ಲಿನ ಬಗ್ಗೆ ಮಗಳು ಹೇಳಿದಾಗ. ಅದರಲ್ಲಿ 1979ರಲ್ಲಿ ಲ್ಯೂಕ್ ಅನ್ನುವವನು ಲಾರಾ ಅನ್ನುವವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಆಮೇಲೆ ಕಥೆ ತಿರುಗಿ ತಿರುಗಿ, 1981ರ ನವೆಂಬರಿನಲ್ಲಿ ಅವರಿಬ್ಬರ ಮದುವೆ. ಸುಮಾರು 3 ಕೋಟಿ ಜನ ಟಿವಿ ಮುಂದೆ ಕೂತು ನೋಡಿದರಂತೆ. 1998ರಲ್ಲಿ ಅದೇ ಸೀರಿಯಲ್ ಆ ಹಳೇ ವಿಷಯವನ್ನು ಮತ್ತೆ ಎತ್ತಿತು. ಅವರ ಮಗನಿಗೆ ಗೊತ್ತಾಗಿ, ಅಪ್ಪ ಉತ್ತರ ಕೊಡಬೇಕಾಗಿ ಬಂತು. ಅವತ್ತು ಜಾಹೀರಾತು ಬಂದರೂ ನಮ್ಮಲ್ಲಿ ಯಾರೂ ಏಳಲಿಲ್ಲ. "ಹತ್ತೊಂಬತ್ತು ವರ್ಷ ಬೇಕಾಯ್ತಾ?" ಅಂತ ಕೇಳಿದವರು ಅತ್ತೆ.

ಇನ್ನು ನನ್ನ ಅವಾಂತರಕ್ಕೆ ಬರುತ್ತೇನೆ.

ಮೊದಲನೆಯದು ಇಸ್ತ್ರಿ. ಟಿವಿ ನೋಡುತ್ತಾ ಬಟ್ಟೆ ಇಸ್ತ್ರಿ ಮಾಡುವುದು ನನ್ನ ಅಭ್ಯಾಸ. ಗೋಡೆರಾಯ ಮಳೆಯಲ್ಲಿ ನಿಂತು "ನನ್ನ ಎದೆಯಲ್ಲಿ ಉರಿಯುತ್ತಿರೋದು ನೀನೇ" ಅಂದ. ನಾನು ಕೈ ಬಿಟ್ಟೆ. ಇಸ್ತ್ರಿ ಪೆಟ್ಟಿಗೆ ನಮ್ಮನೆಯವರ ತಿಳಿನೀಲಿ ಶರ್ಟಿನ ಎಡ ಎದೆಯ ಮೇಲೆ, ಜೇಬಿನ ಸ್ವಲ್ಪ ಕೆಳಗೆ, ಸಾವಕಾಶ ಕೂತಿತ್ತು. ವಾಸನೆ ಬರುವ ಹೊತ್ತಿಗೆ ದೋಣಿಯಾಕಾರದ ಕಂದು ಗುರುತು ಬಿದ್ದು, ಅದರ ನಡುವೆ ಉಗಿ ಬರುವ ತೂತುಗಳ ಚುಕ್ಕೆಗಳೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದ್ದವು. ಅವರು ಶರ್ಟನ್ನು ಬೆಳಕಿಗೆ ಹಿಡಿದು ನೋಡಿ, "ಮೇಲೆ ಸ್ವೆಟರ್ ಹಾಕ್ಕೋತೀನಿ ಬಿಡು" ಅಂದರು. ಬಿರುಬೇಸಿಗೆಯಲ್ಲಿ.

ಎರಡನೆಯದು ಮೆಸೇಜು. ಇದು ದೊಡ್ಡದು. ನನ್ನ ಗೆಳತಿಯೊಬ್ಬಳೂ ಇದೇ ಸೀರಿಯಲ್ ನೋಡುತ್ತಾಳೆ. ಎಪಿಸೋಡ್ ಮುಗಿದ ಕೂಡಲೇ ಇಬ್ಬರೂ ಮೊಬೈಲಿನಲ್ಲಿ ಬೈದುಕೊಳ್ಳುತ್ತೇವೆ. ಅವತ್ತು ಸಿಟ್ಟಿನಲ್ಲಿ ಬರೆದೆ: "ಇನ್ನು ಸಹಿಸೋಕೆ ಆಗಲ್ಲ. ಇಷ್ಟು ದಿನ ಪ್ರೀತಿ ಅಂತ ಸುಮ್ಮನಿದ್ದದ್ದು ಸಾಕು. ಇಂಥವನ ಜೊತೆ ಯಾರು ಬಾಳ್ತಾರೆ? ಬೆಳಗಾದ್ರೆ ಬಿಟ್ಟು ಹೊರಡೋದೇ ಸರಿ." ಕಳಿಸಿ, ಹಾಸಿಗೆ ಹಾಸಿ, ನೆಮ್ಮದಿಯಾಗಿ ಮಲಗಿದೆ. ಅದು ಹೋಗಿದ್ದು ಗೆಳತಿಗಲ್ಲ. ನಮ್ಮನೆಯವರ ಕಡೆಯ ನೆಂಟರ ಗ್ರೂಪಿಗೆ.

ಬೆಳಗ್ಗೆ ನೋಡಿದರೆ ಹದಿನಾಲ್ಕು ಮಿಸ್ಡ್ ಕಾಲ್. ಚಿಕ್ಕಮಾವ "ದುಡುಕಬೇಡಮ್ಮ" ಅಂತ ಬರೆದಿದ್ದರು. ಯಾರೋ ಕೈ ಮುಗಿದ ಚಿತ್ರ ಹಾಕಿದ್ದರು. ಒಬ್ಬರು ಮಾತ್ರ, ಯಾಕೋ ಏನೋ, ಹೆಬ್ಬೆರಳು ಎತ್ತಿದ್ದರು. ಅದು ಯಾರು ಅಂತ ನನಗೆ ಗೊತ್ತು, ಈಗ ಬೇಡ. ದೊಡ್ಡ ನಾದಿನಿ ನೇರವಾಗಿ ತಮ್ಮನಿಗೇ ಫೋನ್ ಮಾಡಿ, "ಏನೋ ಮಾಡಿದೆ ಅವಳಿಗೆ?" ಅಂತ ತರಾಟೆಗೆ ತೆಗೆದುಕೊಂಡಿದ್ದರು.

ನಮ್ಮನೆಯವರು ಹಾಸಿಗೆಯ ತುದಿಯಲ್ಲಿ ಬಂದು ಕೂತರು. ಸೆಲ್ಲೋ ಟೇಪಿನ ಕನ್ನಡಕ ತೆಗೆದು ಒರೆಸಿದರು. "ಆ ಶರ್ಟಿನ ವಿಷಯ ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ ಕಣೇ" ಅಂದರು.

ನಾದಿನಿಗೆ ಫೋನ್ ಮಾಡಿ, ಅದು ಸೀರಿಯಲ್ಲಿನ ಹುಡುಗನ ಬಗ್ಗೆ ಬರೆದದ್ದು ಅಂದೆ. ಆ ಕಡೆ ಒಂದು ಕ್ಷಣ ಮೌನ. "ಯಾವ ಹುಡುಗ? ಆ ಎಂಟೂವರೆಯವನಾ? ಅಯ್ಯೋ ಮೊದಲೇ ಹೇಳಬಾರದಾ! ಅವನನ್ನ ಬಿಡೋದು ತಪ್ಪು ಕಣಮ್ಮ. ಪ್ರೋಮೋ ನೋಡಿದ್ಯಾ? ಮೂರನೇ ಸಲ ರಕ್ತ ಕೊಡ್ತಿದ್ದಾನೆ." ತಮ್ಮನ ಸಂಸಾರ ಉಳಿಯಿತು ಅನ್ನುವುದಕ್ಕಿಂತ ಅವನ ಸಂಸಾರ ಮುರಿಯಬಾರದು ಅನ್ನುವ ಆತಂಕವೇ ಅವರಿಗೆ ಜಾಸ್ತಿ ಇತ್ತು.

ಇಷ್ಟಾದ ಮೇಲೆ ಸುಮ್ಮನಿರಬೇಕಿತ್ತು. ಆದರೆ ನಮ್ಮವರಿಗೆ ಒಂದು ಚೂರಾದರೂ ಹೊಟ್ಟೆಕಿಚ್ಚು ಇದೆಯಾ ಅಂತ ನೋಡುವ ಆಸೆ ಹುಟ್ಟಿತು. ಊಟದ ಹೊತ್ತಿನಲ್ಲಿ ಮೆಲ್ಲಗೆ, "ಇವತ್ತು ಕಾಲೇಜಿನ ಹಳೇ ಫ್ರೆಂಡ್ ಒಬ್ಬ ಫೋನ್ ಮಾಡಿದ್ದ. ಒಂದು ಗಂಟೆ ಮಾತಾಡಿದ್ವಿ" ಅಂದೆ. ಗೋಡೆರಾಯನಾಗಿದ್ದರೆ ಅಷ್ಟರಲ್ಲಿ ತಟ್ಟೆ ಹಾರಬೇಕಿತ್ತು. ಇವರು "ಹೌದಾ? ಏನು ಕೆಲಸ ಮಾಡ್ತಾನೆ?" ಅಂದರು. ಬಾಯಿಗೆ ಬಂದದ್ದು ಹೇಳಿದೆ: "ಲೋನ್ ಕೊಡಿಸೋ ಕೆಲಸ." ಇವರ ಮುಖ ಅರಳಿತು. "ನಂಬರ್ ಕೊಡು, ನಮ್ಮ ಆಫೀಸಲ್ಲಿ ಒಬ್ಬರಿಗೆ ಬೇಕಿತ್ತು." ಇಲ್ಲದ ಫ್ರೆಂಡಿನ ನಂಬರ್ ಎಲ್ಲಿಂದ ತರಲಿ? ಎರಡು ವಾರ ಕೇಳಿದರು. ಕೊನೆಗೆ ಅವನು ವಿದೇಶಕ್ಕೆ ಹೋದ ಅಂತ ಹೇಳಿ ಕಳಿಸಿಬಿಟ್ಟೆ.

ಕೊನೆಯದು ಗೋಡೆ. ಒಂದೇ ಒಂದು ಸಲ ಅನ್ನಿಸಿತು. ಅಷ್ಟೇ.

ಜಾಹೀರಾತಿನ ಹೊತ್ತು. ಅತ್ತೆ, ಮಗಳು ಟಿವಿ ಮುಂದೆ. ನಾನು ಹಾಲ್ ಮೂಲೆಯ ಗೋಡೆಗೆ ಒರಗಿ ನಿಂತು, "ರೀ, ಸ್ವಲ್ಪ ಬನ್ನಿ ಇಲ್ಲಿ" ಅಂದೆ. ಬಂದರು. "ನನ್ನ ತಲೆ ಪಕ್ಕ ಗೋಡೆಗೆ ಕೈ ಇಡಿ."

"ಯಾಕೆ? ಜೇಡರ ಬಲೆ ಇದೆಯಾ?"

"ಸುಮ್ನೆ ಇಡಿ ಅಂದ್ರೆ."

ಬಲಗೈ ಎತ್ತಿದರು. ಎದೆಯ ಮಟ್ಟಕ್ಕೆ ಬಂದು ಕೈ ನಿಂತಿತು. ಮೂರು ತಿಂಗಳಿಂದ ಅವರಿಗೆ ಫ್ರೋಜನ್ ಶೋಲ್ಡರ್. ತಲೆ ಬಾಚಿಕೊಳ್ಳುವುದಕ್ಕೂ ಕೈ ಮೇಲೆ ಹೋಗುವುದಿಲ್ಲ. ನನಗೆ ನೆನಪೇ ಇರಲಿಲ್ಲ. "ಅಮ್ಮಾ" ಅಂತ ಹಲ್ಲು ಕಚ್ಚಿದರು. ಹಲ್ಲು ಕಚ್ಚಿದ್ದು ಮಾತ್ರ ಥೇಟ್ ಗೋಡೆರಾಯನ ಹಾಗೇ ಇತ್ತು. "ತಾಳು, ಈ ಕಡೆಯದು ಸರಿ ಇದೆ" ಅಂತ ಎಡಗೈ ಎತ್ತಿ ಧಡ್ ಅಂತ ಊರಿದರು. ಅಲ್ಲಿ ಗೋಡೆ ಇರಲಿಲ್ಲ, ಸ್ವಿಚ್ ಬೋರ್ಡ್ ಇತ್ತು. ದೀಪ ಹೋಯಿತು. ಫ್ಯಾನ್ ಹೋಯಿತು. ಟಿವಿ ಹೋಯಿತು.

ಕತ್ತಲಲ್ಲಿ ಅತ್ತೆಯ ದನಿ ಬಂತು: "ಈಗ ತಾನೇ ಅವಳ ಕೈಗೆ ಆ ಕಾಗದ ಸಿಗೋದಿತ್ತಲ್ಲೋ!"

ಬಚ್ಚಿಟ್ಟ ಪತ್ರ. ನಾಲ್ಕು ತಿಂಗಳಿಂದ ಕಾದ ಪತ್ರ. ಸ್ವಿಚ್ ಹಾಕಿದರೆ ಸೆಟ್ ಟಾಪ್ ಬಾಕ್ಸ್ ಕಣ್ಣು ಬಿಟ್ಟು, ಲೆಕ್ಕ ಎಣಿಸಿ, ಚಿತ್ರ ಬರುವಷ್ಟರಲ್ಲಿ ಹೆಸರುಗಳು ಓಡುತ್ತಿದ್ದವು. ಮಗಳು ನೋಟ್‌ಬುಕ್ ತೆರೆದು, ಅಪ್ಪನ ಹೆಸರಿಗೆ ಮೊದಲ ಬಾವುಟ ಬರೆದಳು. ಅತ್ತೆ ಮಾತಾಡದೆ ಹೋಗಿ ಮಲಗಿದರು. ನಾನು ಭುಜಕ್ಕೆ ಮುಲಾಮು ತಿಕ್ಕಿದೆ. ಯಾಕೆ ಕೈ ಇಡಿಸಿದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರುದಿನ ಸಂಜೆ ಬಂದವರೇ ಚಪ್ಪಲಿ ಬಿಡುತ್ತಾ, "ಅಮ್ಮ ಎಲ್ಲಿ? ಕರಿ" ಅಂದರು. ಮಧ್ಯಾಹ್ನದ ಬಿಡುವಿನಲ್ಲಿ ಮೊಬೈಲಿನಲ್ಲಿ ಅವತ್ತಿನ ಎಪಿಸೋಡ್ ಪೂರ್ತಿ ನೋಡಿದ್ದರು. ಪಕ್ಕದ ಸೀಟಿನವರು ವಿಚಿತ್ರವಾಗಿ ನೋಡಿದರಂತೆ. ಮರೆತುಹೋದರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡೂ ಬಂದಿದ್ದರು. ನಾವು ಮೂವರೂ ಎದುರಿಗೆ ಕೂತೆವು. ಟೇಪು ಸುತ್ತಿದ ಕನ್ನಡಕ ಏರಿಸಿ ಓದಿದರು: "ಕಾಗದ ಸಿಕ್ಕಿತು. ಅವಳು ಅತ್ತಳು. ಅವನು ಗೋಡೆಗೆ ಕೈ ಇಟ್ಟ. ಅಷ್ಟರಲ್ಲಿ ಯಾರೋ ಡಾಕ್ಟರ್ ಬಂದರು. ಮುಗಿಯಿತು."

"ಅವಳು ಏನಂದಳು?" ಅಂತ ಅತ್ತೆ ಕೇಳಿದರು.

ಚೀಟಿ ತಿರುಗಿಸಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಬಲಭುಜವನ್ನು ಮೆಲ್ಲಗೆ ಒತ್ತಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ಅಲ್ಲಾ, ಆ ಹುಡುಗ ದಿನಾ ಹಾಗೆ ಕೈ ಎತ್ತುತ್ತಾನಲ್ಲ, ಯಾವ ಡಾಕ್ಟರ ಹತ್ರ ತೋರಿಸ್ತಿದ್ದಾನಂತೆ?" ಅಂದರು.