ಸಮಾಜವಾದಿಗಳ ಪಾಲುಪಟ್ಟಿ

ಹಂಚಿಕೊಂಡು ತಿನ್ನಬೇಕು ಅನ್ನುವುದು ಸಮಾಜವಾದ. ಈ ತತ್ವವನ್ನು ನಮ್ಮ ದೇಶದಲ್ಲಿ ಚಾಚೂ ತಪ್ಪದೆ ಪಾಲಿಸಿದವರು ಸಮಾಜವಾದಿಗಳೇ. ಭೂಮಿ ಹಂಚೋಣ ಅಂದರು, ಅಧಿಕಾರ ಇರಲಿಲ್ಲ. ಬಂಡವಾಳ ಹಂಚೋಣ ಅಂದರು, ಅದು ಟಾಟಾ ಬಿರ್ಲಾ ಹತ್ತಿರ ಇತ್ತು. ಕೈಯಲ್ಲಿ ಇದ್ದದ್ದು ಪಕ್ಷ ಒಂದೇ. ಅದನ್ನೇ ಹಂಚಿದರು.

ಮೊದಲ ಲೋಕಸಭೆ ಚುನಾವಣೆಯಲ್ಲೇ ಇದರ ಲಕ್ಷಣ ಕಾಣಿಸಿತ್ತು. ಸೋಷಲಿಸ್ಟ್ ಪಾರ್ಟಿಗೆ ಶೇ. 10.6ರಷ್ಟು ಮತ ಬಿತ್ತು. ಕಮ್ಯುನಿಸ್ಟರಿಗೆ ಬಿದ್ದದ್ದು ಶೇ. 3.3. ಸೀಟು ಮಾತ್ರ ಸೋಷಲಿಸ್ಟರಿಗೆ 12, ಕಮ್ಯುನಿಸ್ಟರಿಗೆ 16! ಕಮ್ಯುನಿಸ್ಟರು 49 ಕಡೆ ಮಾತ್ರ ನಿಂತಿದ್ದರು, ತಮ್ಮ ಬಲ ಇದ್ದಲ್ಲಿ. ಇವರು 254 ಕಡೆ ನಿಂತರು. ಮತವನ್ನೂ ದೇಶಕ್ಕೆಲ್ಲ ಸಮಪಾಲು ಮಾಡಿಬಿಟ್ಟರು. ಸಮಾನತೆ ಅಂದರೆ ಇದೇ ಅಲ್ವಾ?

ಸೋತ ಮೇಲೆ ಕೃಪಲಾನಿಯವರ ಪಕ್ಷದ ಜೊತೆ ಸೇರಿ ಪ್ರಜಾ ಸೋಷಲಿಸ್ಟ್ ಪಾರ್ಟಿ ಆದರು. 1954ರಲ್ಲಿ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ ಇವರಿಗೆ ಸಿಕ್ಕಿದ್ದು 19 ಸೀಟು. ಕಾಂಗ್ರೆಸ್ ಹೊರಗಿನಿಂದ ಬೆಂಬಲ ಕೊಟ್ಟಿತು, ಪಟ್ಟಂ ತಾಣು ಪಿಳ್ಳೆ ಮುಖ್ಯಮಂತ್ರಿ ಆದರು. ಕೆಲವೇ ತಿಂಗಳಲ್ಲಿ ತಮಿಳು ಚಳವಳಿಗಾರರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ, ಸರ್ಕಾರ ರಾಜೀನಾಮೆ ಕೊಡಬೇಕು ಅಂದರು. ತಮ್ಮ ಸರ್ಕಾರವನ್ನು ತಾವೇ ಇಳಿಸಿ ಎನ್ನುವ ಪ್ರಧಾನ ಕಾರ್ಯದರ್ಶಿ ಈಗ ದುರ್ಬೀನು ಹಾಕಿದರೂ ಸಿಗಲಿಕ್ಕಿಲ್ಲ. ನನ್ನನ್ನು ಕೇಳಿದರೆ, ಈ ಇಡೀ ಕತೆಯಲ್ಲಿ ನೆಟ್ಟಗೆ ಮಾತಾಡಿದ ಗಳಿಗೆ ಅದೊಂದೇ. ಫಲ ಏನಾಯಿತು? ಪಿಳ್ಳೆ ಜಪ್ಪಯ್ಯ ಅನ್ನಲಿಲ್ಲ. ಮರುವರ್ಷ ಪಕ್ಷದಿಂದ ಹೊರಗೆ ಬಿದ್ದವರು ಲೋಹಿಯಾ. ಪಿಳ್ಳೆಯವರು ಮುಂದೆ ಪಂಜಾಬಿನ ರಾಜ್ಯಪಾಲರಾದರು.

ಆಮೇಲಿನದು ಕೂಡುವ, ಕಳೆಯುವ ಲೆಕ್ಕ. ಹೊರಬಿದ್ದ ಲೋಹಿಯಾ ಬೇರೆ ಪಕ್ಷ ಕಟ್ಟಿದರು. 1964ರಲ್ಲಿ ಎರಡೂ ಪಕ್ಷ ಒಂದಾದರು. 1965ರಲ್ಲಿ ಒಡೆದರು. 1971ರಲ್ಲಿ ಮತ್ತೆ ಒಂದಾದರು. ಮುಂದಿನ ಒಡಕು ಯಾವಾಗ ಅಂತ ನೀವೇ ಊಹಿಸಿ, ಜಾಸ್ತಿ ಕಾಯಬೇಕಿಲ್ಲ.

ಇವರು ಜಗಳ ಮುಗಿಸಿ ಎದ್ದು ನೋಡುವಷ್ಟರಲ್ಲಿ ಸಮಾಜವಾದವನ್ನು ಕಾಂಗ್ರೆಸ್ ಎತ್ತಿಕೊಂಡು ಹೋಗಿತ್ತು. 1955ರಲ್ಲೇ ಆವಡಿ ಅಧಿವೇಶನದಲ್ಲಿ "ಸಮಾಜವಾದಿ ಮಾದರಿಯ ಸಮಾಜ" ನಮ್ಮ ಗುರಿ ಅಂತ ನಿರ್ಣಯ ಆಯಿತು. ಪ್ರಜಾ ಸೋಷಲಿಸ್ಟರ ದೊಡ್ಡ ಚಿಂತಕ ಅಶೋಕ ಮೆಹ್ತಾ ಯೋಜನಾ ಆಯೋಗಕ್ಕೆ ಹೋದರು, ಅಲ್ಲಿಂದ ಕಾಂಗ್ರೆಸ್ಸಿಗೂ ಹೋದರು. ನಮ್ಮ ಮಲೆನಾಡಿನದ್ದೂ ಇದೇ ಕತೆ. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಸಲುವಾಗಿ ಎದ್ದರು. ಗೇಣಿ ಭತ್ತ ಅಳೆಯುವಾಗ ಒಡೆಯರ ಕೊಳಗ ದೊಡ್ಡದು ಅನ್ನುವುದು ಜಗಳ. ಸಮಾಜವಾದಿಗಳು ಜೊತೆಗೆ ನಿಂತರು, ಲೋಹಿಯಾ ಬಂದು ಅರೆಸ್ಟ್ ಆದರು, ಮರುವರ್ಷ ಶಾಂತವೇರಿ ಗೋಪಾಲಗೌಡರು ಶಾಸಕರಾದರು. ಉಳುವವನಿಗೆ ಹೊಲ ಕೊಡಿಸುವ ಕಾನೂನು ಬಿಗಿಯಾಗಿ ಬಂದದ್ದು 1974ರಲ್ಲಿ. ತಂದವರು ಕಾಂಗ್ರೆಸ್ಸಿನ ದೇವರಾಜ ಅರಸು.

ಇದಕ್ಕಿಂತ ದೊಡ್ಡ ತಮಾಷೆ 1976ರದು. ಎಮರ್ಜೆನ್ಸಿ ಕಾಲ. ಸಮಾಜವಾದಿಗಳನ್ನು ಹುಡುಕಿ ಹುಡುಕಿ ಜೈಲಿಗೆ ಹಾಕಿದ್ದರು. ಅದೇ ಹೊತ್ತಿಗೆ ಇಂದಿರಾ ಗಾಂಧಿ ಸರ್ಕಾರ 42ನೇ ತಿದ್ದುಪಡಿ ತಂದು ಸಂವಿಧಾನದ ಪ್ರಸ್ತಾವನೆಯಲ್ಲಿ "ಸಮಾಜವಾದಿ" ಅನ್ನುವ ಪದ ಸೇರಿಸಿತು. ವಾದಿಗಳು ಒಳಗೆ, ವಾದ ಮುಖಪುಟದಲ್ಲಿ.

ಜೈಲಿಂದ ಹೊರಬಂದವರು 1977ರಲ್ಲಿ ಜನಸಂಘ, ಹಳೇ ಕಾಂಗ್ರೆಸ್ಸು, ಚರಣ್ ಸಿಂಗ್ ಎಲ್ಲರ ಜೊತೆ ಜನತಾ ಪಾರ್ಟಿ ಕಟ್ಟಿದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿ. ಕೋಕಾ-ಕೋಲಾ ದೇಶ ಬಿಟ್ಟು ಹೋಗಿದ್ದು ಅವರ ಕಾಲದಲ್ಲೇ. ಎರಡೇ ವರ್ಷಕ್ಕೆ ಒಂದು ಪ್ರಶ್ನೆ ಎದ್ದಿತು. ಜನತಾ ಪಾರ್ಟಿಯಲ್ಲಿ ಇದ್ದವರು ಆರೆಸ್ಸೆಸ್‌ನಲ್ಲೂ ಇರಬಹುದಾ? 1979ರ ಜುಲೈಯಲ್ಲಿ ಜಾರ್ಜ್ ಲೋಕಸಭೆಯಲ್ಲಿ ಸರ್ಕಾರವನ್ನು ಸಮರ್ಥಿಸಿ ಭರ್ಜರಿ ಭಾಷಣ ಮಾಡಿದರು. ಕೆಲವೇ ದಿನದಲ್ಲಿ ಅದೇ ಸರ್ಕಾರಕ್ಕೆ ರಾಜೀನಾಮೆ ಕೊಟ್ಟರು. ಸರ್ಕಾರ ಮಗುಚಿತು. 1998ರಲ್ಲಿ ಅದೇ ಜಾರ್ಜ್ ವಾಜಪೇಯಿ ಸಂಪುಟದಲ್ಲಿ ರಕ್ಷಣಾ ಮಂತ್ರಿ. ಹಳೇ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ, ಸುಮ್ನೆ ಯಾಕೆ ಅಂತ.

1988ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜನತಾದಳದ ಪಾಲುಪಟ್ಟಿಯಂತೂ ಓದುವಂಥದ್ದು. ಅಣ್ಣತಮ್ಮಂದಿರು ಬೇರೆ ಆಗುವಾಗ ಹಂಡೆ ಒಬ್ಬನಿಗೆ, ಒನಕೆ ಇನ್ನೊಬ್ಬನಿಗೆ ಹೋಗುತ್ತಲ್ಲ, ಹಾಗೆ ಒಡೆದ ಚೂರಿಗೊಂದು ಚುನಾವಣಾ ಚಿಹ್ನೆ. ಸೈಕಲ್ ಉತ್ತರಪ್ರದೇಶಕ್ಕೆ. ಲಾಟೀನು ಬಿಹಾರಕ್ಕೆ. ಶಂಖ ಒಡಿಶಾಕ್ಕೆ. ಭತ್ತದ ಹೊರೆ ಹೊತ್ತ ಹೆಂಗಸು ನಮಗೆ. ದಳದ ಮೂಲ ಚಿಹ್ನೆ ಚಕ್ರ ತನಗೆ ಬೇಕು ಅಂತ ಹಟ ಹಿಡಿದವರು ಜಾಸ್ತಿ ಆಗಿ, ಅದನ್ನು ಯಾರಿಗೂ ಕೊಡದೆ ಚುನಾವಣಾ ಆಯೋಗವೇ ತಡೆಹಿಡಿಯಿತು.

ಆ ಚಕ್ರದ ಜಗಳ 1999ರದು. ಬಿಜೆಪಿ ಜೊತೆ ಹೋಗೋಣ ಅಂದವರು ಸಂಯುಕ್ತ ದಳ ಆದರು. ಛೀ, ಕೋಮುವಾದಿಗಳ ಜೊತೆಗಾ ಅಂದವರು ಜಾತ್ಯತೀತ ದಳ ಆದರು. ಜಾತ್ಯತೀತರು 2006ರಲ್ಲೇ ಒಂದು ಸಲ ಬಿಜೆಪಿ ಜೊತೆ ಸರ್ಕಾರ ಮಾಡಿ ನೋಡಿದರು. 2023ರಲ್ಲಿ ಎನ್‌ಡಿಎಗೆ ಅಧಿಕೃತವಾಗಿ ಸೇರಿಕೊಂಡರು. ಸಂಯುಕ್ತ ದಳದ ನಿತೀಶ್ ಕುಮಾರ್ ಅತ್ತಿತ್ತ ನಾಲ್ಕು ಸುತ್ತು ತಿರುಗಿ 2024ರಲ್ಲಿ ಅಲ್ಲಿಗೇ ವಾಪಸ್ ಬಂದರು. ಈಗ ಎರಡೂ ದಳದವರು ಒಂದೇ ಮೋದಿ ಸಂಪುಟದಲ್ಲಿದ್ದಾರೆ. ಯಾವ ವಿಷಯಕ್ಕೆ ಮನೆ ಒಡೆಯಿತೋ ಆ ವಿಷಯವೇ ಇತ್ಯರ್ಥ ಆಯಿತು. ಆದರೂ ಪಕ್ಷ ಎರಡೇ. ಕೂಡಿಬಿಟ್ಟರೆ ಮತ್ತೆ ಒಡೆಯುವ ಖರ್ಚು ಅಂತ ಇರಬೇಕು.

ಹಾಗಂತ ಸಮಾಜವಾದ ಮುಳುಗಿಹೋಯಿತು ಅಂದುಕೊಂಡೀರಿ. ಎಲ್ಲೂ ಹೋಗಿಲ್ಲ. 1980ರಲ್ಲಿ ಹುಟ್ಟಿದಾಗ ಬಿಜೆಪಿಯೇ "ಗಾಂಧಿವಾದಿ ಸಮಾಜವಾದ" ಅಂದಿತ್ತು. ಪ್ರಸ್ತಾವನೆಯಿಂದ ಆ ಪದ ಕಿತ್ತುಹಾಕಿ ಅಂತ ಹೋದವರ ಅರ್ಜಿಯನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ ಬೇರೆ ಇದೆ. ಹೊಸ ಪಕ್ಷ ನೋಂದಾಯಿಸಬೇಕಾದರೆ, ಸಮಾಜವಾದದ ತತ್ವಕ್ಕೆ ನಿಷ್ಠರಾಗಿರುತ್ತೇವೆ ಅಂತ ಪಕ್ಷದ ನಿಯಮಾವಳಿಯಲ್ಲೇ ಬರೆದು ಆಯೋಗಕ್ಕೆ ಕೊಡಬೇಕು. ನಾಳೆ ಯಾವನೋ ಗಣಿಧಣಿ ಪಕ್ಷ ಕಟ್ಟಿದರೂ ಅಷ್ಟೇ. ಒಂದು ಸಾಲು ಟೈಪ್ ಮಾಡಿಸಿದರೆ ಆಯಿತು, ಲೋಹಿಯಾ ಓದಬೇಕು ಅಂತೇನೂ ಕಾಯ್ದೆಯಲ್ಲಿ ಇಲ್ಲ.