ತಿನ್ನದ ಮೀನಿಗೆ ಇಷ್ಟೊಂದು ಪಾಡಾ?

ಆಗಸ್ಟ್ ಮುಗಿಯುತ್ತಾ ಬಂತು ಅಂದರೆ ಸಾಕು, ಅಮೆರಿಕದ ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್ ಕಡೆ ಕೆಲವರು ಆಫೀಸಿಗೆ ಏನೋ ಸುಳ್ಳು ಹೇಳಿ ಸಮುದ್ರಕ್ಕೆ ಹೊರಡುತ್ತಾರೆ. ಕಾರಣ ‘ಆಲ್ಬಿ’, ಅಂದರೆ ಫಾಲ್ಸ್ ಆಲ್ಬಕೋರ್. ನಮ್ಮ ಗಂಗೊಳ್ಳಿ ಕಡೆಯ ಕೇದರ (ಟ್ಯೂನಾ) ಮೀನಿನ ದಾಯಾದಿ. ಊರಲ್ಲಿ ಬಲೆಗೆ ಬಿದ್ದದ್ದು ಬುಟ್ಟಿ ಸೇರಿ ಸಾರಾಗುತ್ತದೆ. ಇಲ್ಲಿ ಫೋಟೋ ತೆಗೆದು ಬಿಟ್ಟುಬಿಡುತ್ತಾರೆ.

ಆಲ್ಬಿ ಹಿಡಿಯಲು ನಾನೂ ಫ್ಲೈ (ಹುಸಿ ಎರೆ) ಹಾಕುವುದು ಕಲಿತೆ. ಊರಿನ ಗಾಳದಲ್ಲಿ ಸೀಸದ ಗುಂಡಿನ ಭಾರಕ್ಕೆ ದಾರ ದೂರ ಹೋಗುತ್ತದೆ. ಫ್ಲೈಗೆ ಭಾರವೇ ಇಲ್ಲ. ಕೊಕ್ಕೆಗೆ ಕಟ್ಟಿದ ನಾಲ್ಕೆಳೆ ಕೂದಲು, ಅಷ್ಟೇ. ಭಾರ ಇರುವುದು ದಾರದಲ್ಲೇ. ಎದುರು ಗಾಳಿಗೆ ಬೀಸಿದರೆ ಕೊಕ್ಕೆ ವಾಪಸ್ ಕಿವಿಗೇ ಬರುತ್ತದೆ, ನನ್ನದಕ್ಕೆ ಬಂದಿದೆ! ಟರ್ನ್ ಎಂಬ ಕಡಲಹಕ್ಕಿಗಳು ಮುಗಿಬಿದ್ದ ಕಡೆಯೇ ಮೀನು. ಅಲ್ಲಿಗೆ ಎಸೆದು, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಹಾಲು ಕರೆದ ಹಾಗೆ ಸರಸರ ಎಳೆಯಬೇಕು. ಕಚ್ಚಿತೋ, ನೂರು ಗಜ ದಾರ ಕಣ್ಣೆದುರೇ ಖಾಲಿ. ರೀಲಿನ ಹಿಡಿ ಬೆರಳ ಗಂಟಿಗೆ ಬಡಿದರೆ ಆ ದಿನ ಊಟ ಎಡಗೈಯಲ್ಲಿ.

ಬಿಡುವಾಗ ಬಾಲ ಹಿಡಿದು ತಲೆ ಮುಂದಾಗಿ ನೀರಿಗೆ ಎಸೆಯುತ್ತಾರೆ. ಈ ಜಾತಿ ಈಜುತ್ತಿದ್ದರೆ ಮಾತ್ರ ಉಸಿರಾಡುತ್ತದೆ. ಎಸೆದ ರಭಸಕ್ಕೆ ಕಿವಿರಿಗೆ ನೀರು ನುಗ್ಗುತ್ತದೆ.

ಹೀಗೆ ಬಿಡುವ ವಿಡಿಯೋ ಕಳಿಸಿದ್ದಕ್ಕೆ ಅಪ್ಪಯ್ಯ ಕೇಳಿದ್ದು ಒಂದೇ: “ತಿಂಬುದಿಲ್ಲ ಅಂದ್ರೆ ಹಿಡಿಯೂದ್ ಎಂತಕ್ಕೆ ಮಾರಾಯ?”

ಆ ಪ್ರಶ್ನೆ ಇನ್ನೂ ಕುಟುಕುತ್ತದೆ. ಬಿಟ್ಟದ್ದೆಲ್ಲ ಪುಣ್ಯ ಅಲ್ಲ. ಮಜಾ ಬರಲಿ ಅಂತ ಸಣ್ಣ ಕೋಲು ಹಿಡಿದು ಹದಿನೈದು ನಿಮಿಷ ಜಗ್ಗಾಡಿದರೆ, ಬಿಟ್ಟ ಮೀನು ಬದುಕೀತಾ? ಅದಕ್ಕೇ ನಾನು 10 ವೇಟ್ ಅನ್ನುವ ಗಟ್ಟಿ ಕೋಲೇ ಒಯ್ಯುವುದು, ಬೇಗ ಮುಗಿಯಲಿ ಅಂತ. ಹಾಗಂತ ಊರಿನದೇ ಸರಿ ಎನ್ನಲಾರೆ. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳಿಗೆ ರಜೆ ಇರುವ 61 ದಿನ ಮೀನಿಗೆ ಸ್ವಲ್ಪ ಬಿಡುವು. ಆಮೇಲೆ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗೆ ಲೆಕ್ಕ ಉಂಟಾ?

ಇಲ್ಲಿನವರು ಆಲ್ಬಿ ತಿನ್ನದಿರುವುದಕ್ಕೆ ದಯೆಗಿಂತ ಜಾಸ್ತಿ ಕಾರಣ ಅದರ ಕಪ್ಪು ಮಾಂಸ. “ಬೆಕ್ಕೂ ಮುಟ್ಟಲ್ಲ” ಅಂದಿದ್ದ ನನ್ನ ದೋಣಿಯ ಗೆಳೆಯ. ಹೋದ ವರ್ಷ ಒಂದಕ್ಕೆ ಕಿವಿರು ಹರಿದು ರಕ್ತ ಸುರಿಯುತ್ತಿತ್ತು. ಬಿಟ್ಟಿದ್ದರೂ ಸಾಯುತ್ತಿತ್ತು. ರಕ್ತ ಪೂರ್ತಿ ಇಳಿಸಿ, ಐಸ್‌ನಲ್ಲಿಟ್ಟು ಮನೆಗೆ ತಂದೆ. ಬ್ಯಾಡಗಿ ಮೆಣಸು, ಹುಣಸೆ, ಕಾಯಿ ಅರೆದು ಸಾರು ಮಾಡಿದೆ. ಮಾರನೇ ದಿನ ಅದೇ ಗೆಳೆಯ ಬಂದು ಎರಡು ಸಲ ಬಡಿಸಿಕೊಂಡ. ಯಾವ ಮೀನು ಅಂತ ಕೇಳಿದ.

“ಕೇದರ” ಅಂದೆ.